ಬೆಳ್ಳಂದೂರಿನಿಂದ ಹಿಮಶಿಖರಕ್ಕೆ ಎಷ್ಟು ದಿನದ ದಾರಿ?

ಬೆಳ್ಳಂದೂರಿನ ಕೆರೆಯ ಏರಿಯ ಮೇಲೆ ನಿಂತವನಿಗೆ ತಾನು ಬೆಟ್ಟದ ಮೇಲೆ ನಿಂತಿರುವೆನೆಂದು ತೋರುವುದಿಲ್ಲ. ಸುತ್ತಲೂ ನೆಲ ಸಮತಟ್ಟಾಗಿದೆ. ಕಣ್ಣಿಗೆ ಬೀಳುವ ಎತ್ತರವೆಂದರೆ ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ಎದ್ದು ನಿಂತಿರುವ ಕಚೇರಿಗಳ ಗಾಜಿನ ಗೋಡೆಗಳು ಮಾತ್ರ. ಆದರೆ ಈ ಕೆರೆಯ ಕೋಡಿಯಿಂದ ಹೊರಬಿದ್ದ ನೀರು ವರ್ತೂರಿನ ಕೆರೆಯನ್ನು ಹೊಕ್ಕು, ದಕ್ಷಿಣ ಪಿನಾಕಿನಿಯನ್ನು ಕೂಡಿ, ತಮಿಳುನಾಡನ್ನು ದಾಟಿ ಕಡಲೂರಿನ ಬಳಿ ಸಮುದ್ರವನ್ನು ಸೇರುವ ಹೊತ್ತಿಗೆ ಸುಮಾರು 900 ಮೀಟರುಗಳಷ್ಟು ಕೆಳಗಿಳಿದಿರುತ್ತದೆ. ನೀರಿಗೆ ಗೊತ್ತಿರುವ ಈ ಸಂಗತಿಯನ್ನು ನಾವು ಮರೆತಿದ್ದೇವೆ. ಭೂಮಿಯನ್ನು ಸುತ್ತುವರಿದಿರುವ ವಾಯುಸಾಗರದ ಹತ್ತನೆಯ ಒಂದು ಪಾಲನ್ನು ಕಾಲಿನ ಕೆಳಗೆ ಬಿಟ್ಟು, ಉಳಿದ ಒಂಬತ್ತು ಪಾಲಿನಲ್ಲಿ ನಾವು ಉಸಿರಾಡುತ್ತಿದ್ದೇವೆ.

ಇದೇ ಬೆಳ್ಳಂದೂರಿನ ಕಚೇರಿಗಳಲ್ಲಿ ದುಡಿಯುವ ತರುಣ ತರುಣಿಯರಲ್ಲಿ ಅನೇಕರಿಗೆ ಈಚಿನ ವರ್ಷಗಳಲ್ಲಿ ಪರ್ವತಾರೋಹಣದ ಹಂಬಲ ಹತ್ತಿದೆ. ವಾರದ ಕೊನೆಯಲ್ಲಿ ಅವರು ರಾಮನಗರದ ಬಂಡೆಗಳಿಗೂ ಸಾವನದುರ್ಗಕ್ಕೂ ಹೋಗಿ ಹಗ್ಗ ಹಿಡಿದು ಹತ್ತುವುದನ್ನು ಕಲಿಯುತ್ತಾರೆ. ವರ್ಷಕ್ಕೊಮ್ಮೆ ರಜೆಯನ್ನು ಹೊಂದಿಸಿಕೊಂಡು ಹಿಮಾಲಯಕ್ಕೆ ಹೊರಡುತ್ತಾರೆ. ಇದು ಮೆಚ್ಚಬೇಕಾದ ಹವ್ಯಾಸವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಹೊರಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಶಿಖರ ಎಷ್ಟು ಎತ್ತರ?’ ಎಂಬುದು. ದೇಹವನ್ನು ವಿಚಾರಿಸಿದರೆ ಅದು ಕೇಳುವ ಪ್ರಶ್ನೆಯೇ ಬೇರೆ: ‘ನನಗೆ ಎಷ್ಟು ದಿನ ಕೊಡುವಿರಿ?’ ಈ ಎರಡನೆಯ ಪ್ರಶ್ನೆಯನ್ನು ದೇಹವು ಏಕೆ ಕೇಳುತ್ತದೆಂಬುದನ್ನೇ ನಾವಿಲ್ಲಿ ವಿಚಾರ ಮಾಡಬೇಕೆಂದಿದ್ದೇವೆ.

ಮೊದಲು ಒಂದು ಒಗಟನ್ನು ಮುಂದಿಡೋಣ. ಬೆಳ್ಳಂದೂರಿನಿಂದ ಕೆಲವೇ ಮೈಲಿಗಳ ದೂರದಲ್ಲಿ, ವಿಮಾನಪುರದಲ್ಲಿ, ಭಾರತೀಯ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಿದೆ. 1957ರಲ್ಲಿ ವಿಮಾನ ವೈದ್ಯಕೀಯದ ಶಾಲೆಯಾಗಿ ಆರಂಭವಾದ ಈ ಸಂಸ್ಥೆಯಲ್ಲಿ ಗಟ್ಟಿಮುಟ್ಟಾದ ಗೋಡೆಗಳ ಒಂದು ಕೋಣೆಯುಂಟು. ಬಾಗಿಲನ್ನು ಭದ್ರವಾಗಿ ಮುಚ್ಚಿ ಪಂಪಿನಿಂದ ಗಾಳಿಯನ್ನು ಹೊರಗೆಳೆದರೆ ಒಳಗಿನ ಒತ್ತಡವು ಇಳಿಯುತ್ತ ಹೋಗಿ, ಕುಳಿತಲ್ಲಿಯೇ ಕುಳಿತಿರುವ ವಿಮಾನಚಾಲಕನು ಸಾವಿರಾರು ಮೀಟರ್ ‘ಏರಿ’ಬಿಡುತ್ತಾನೆ. ಇಂತಹ ಕೋಣೆಗಳಲ್ಲಿ ಆಮ್ಲಜನಕದ ಮುಖವಾಡವನ್ನು ತೆಗೆಸಿ, ಒಂದು ಕಾಗದದ ಮೇಲೆ ಹೆಸರು ಬರೆಯಲೋ ಲೆಕ್ಕ ಮಾಡಲೋ ಹೇಳುವ ಪದ್ಧತಿಯಿದೆ. ಮೊದಲ ಸಾಲು ಸರಿಯಾಗಿರುತ್ತದೆ, ಎರಡನೆಯದು ಓರೆಯಾಗುತ್ತದೆ, ಆಮೇಲಿನದು ಕೇವಲ ಗೀಚು. ವಿಚಿತ್ರವೇನೆಂದರೆ, ಬರೆಯುತ್ತಿರುವವನಿಗೆ ತಾನು ಬಹಳ ಚೆನ್ನಾಗಿಯೇ ಬರೆಯುತ್ತಿರುವೆನೆಂಬ ನಂಬಿಕೆ. ಎವರೆಸ್ಟ್ ಶಿಖರದ ಎತ್ತರಕ್ಕೆ ಸಮನಾದ ಒತ್ತಡಕ್ಕೆ ಆರೋಗ್ಯವಂತನೊಬ್ಬನನ್ನು ಥಟ್ಟನೆ ಒಯ್ದರೆ, ಎರಡು ಮೂರು ನಿಮಿಷಗಳೊಳಗೆ ಅವನು ಪ್ರಜ್ಞೆ ತಪ್ಪುತ್ತಾನೆ.

ಈಗ ಮತ್ತೊಂದು ಚಿತ್ರ. 1978ರ ಮೇ 8ರಂದು ರೈನ್‌ಹೋಲ್ಡ್ ಮೆಸ್ನರ್ ಮತ್ತು ಪೀಟರ್ ಹಾಬೆಲರ್ ಎಂಬಿಬ್ಬರು ಆಮ್ಲಜನಕದ ಸಿಲಿಂಡರುಗಳಿಲ್ಲದೆ ಎವರೆಸ್ಟನ್ನು ಏರಿದರು. ಅದು ಸಾಧ್ಯವೇ ಎಂದು ಶರೀರಶಾಸ್ತ್ರಜ್ಞರಲ್ಲಿ ಹಲವರು ಅದುವರೆಗೂ ಅನುಮಾನಿಸುತ್ತಿದ್ದರು. ಕೋಣೆಯಲ್ಲಿರುವವನೂ ಮನುಷ್ಯನೇ, ಶಿಖರದ ಮೇಲಿರುವವನೂ ಮನುಷ್ಯನೇ. ಇಬ್ಬರ ಮೂಗಿಗೂ ಸಿಕ್ಕುವ ಗಾಳಿ ಒಂದೇ. ಒಬ್ಬನು ಸುಮ್ಮನೆ ಕುಳಿತಲ್ಲಿ ಕುಸಿಯುತ್ತಾನೆ. ಮತ್ತೊಬ್ಬನು ಹಿಮದಲ್ಲಿ ಹೆಜ್ಜೆ ಕಿತ್ತಿಟ್ಟು ನಡೆಯುತ್ತಾನೆ. ಇಬ್ಬರ ನಡುವೆ ಇರುವುದು ಕೆಲವು ವಾರಗಳ ಅಂತರ. ಆ ವಾರಗಳಲ್ಲಿ ದೇಹದೊಳಗೆ ಏನು ನಡೆಯುತ್ತದೆ?

ಅದನ್ನು ತಿಳಿಯುವುದಕ್ಕೆ ಮುಂಚೆ ಎತ್ತರದ ಗಾಳಿಯ ಸ್ವಭಾವವನ್ನು ತಿಳಿಯಬೇಕು. ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆಯಾಗುತ್ತದೆಂದು ಅನೇಕರು ಹೇಳುವುದುಂಟು. ಇದು ನಿಜವಲ್ಲ. ಬೆಳ್ಳಂದೂರಿನಲ್ಲಿಯೂ ಎವರೆಸ್ಟಿನಲ್ಲಿಯೂ ನೂರು ಪಾಲು ಗಾಳಿಯಲ್ಲಿ ಸುಮಾರು ಇಪ್ಪತ್ತೊಂದು ಪಾಲು ಆಮ್ಲಜನಕವೇ. ಕಡಿಮೆಯಾಗುವುದು ಒತ್ತಡ. ನಮ್ಮ ಮೇಲಿರುವ ಗಾಳಿಯ ಭಾರವೇ ಒತ್ತಡ; ಮೇಲೇರಿದಷ್ಟೂ ತಲೆಯ ಮೇಲಿನ ಹೊರೆ ಹಗುರವಾಗುತ್ತದೆ, ಗಾಳಿಯ ಕಣಗಳು ಒಂದರಿಂದೊಂದು ದೂರ ಸರಿಯುತ್ತವೆ, ಒಂದು ಉಸಿರಿಗೆ ಸಿಕ್ಕುವ ಕಣಗಳು ಕಡಿಮೆಯಾಗುತ್ತವೆ.

ಒತ್ತಡ ಇಳಿದಿರುವುದನ್ನು ಅಡಿಗೆಮನೆಯಲ್ಲಿಯೇ ಕಾಣಬಹುದು. ಸಮುದ್ರತೀರದ ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಬೆಳ್ಳಂದೂರಿನಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಸ್ಥೂಲವಾಗಿ ಪ್ರತಿ 300 ಮೀಟರಿಗೆ ಒಂದು ಡಿಗ್ರಿ ಇಳಿಯುವುದೆಂದು ಎಣಿಸಬಹುದು. ಲೇಹ್ ಪಟ್ಟಣದಲ್ಲಿ ನೀರು ಸುಮಾರು 88 ಡಿಗ್ರಿಗೆ ಕುದಿಯುತ್ತದೆ. ಎವರೆಸ್ಟಿನ ನೆತ್ತಿಯ ಮೇಲೆ 71–72 ಡಿಗ್ರಿಗೆ. ಅಲ್ಲಿ ತೆರೆದ ಪಾತ್ರೆಯಲ್ಲಿ ತೊಗರಿಬೇಳೆಯನ್ನು ಇಡೀ ದಿನ ಕುದಿಸಿದರೂ ಅದು ಬೇಳೆಯಾಗಿಯೇ ಉಳಿಯುತ್ತದೆ. ನೀರು ಕುದಿಯುತ್ತಿರುವುದು ಕಣ್ಣಿಗೆ ಕಾಣುತ್ತಿರುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಆದುದರಿಂದಲೇ ಹಿಮಾಲಯದ ಶಿಬಿರಗಳಲ್ಲಿ ಪ್ರೆಷರ್ ಕುಕ್ಕರು ಹಗ್ಗ, ಗುದ್ದಲಿಗಳಷ್ಟೇ ಮುಖ್ಯವಾದ ಸಲಕರಣೆ.

ಹಿಂದಿನ ಮೋಜಣಿದಾರರು ಈ ಗುಣವನ್ನೇ ಅಳತೆಗೋಲಾಗಿ ಮಾಡಿಕೊಂಡಿದ್ದರು. ಒಂದು ಚಿಕ್ಕ ಪಾತ್ರೆ, ದೀಪ ಮತ್ತು ಉಷ್ಣಮಾಪಕವನ್ನು ಒಯ್ದು, ನೀರು ಕುದಿಯುವ ಉಷ್ಣತೆಯನ್ನು ನೋಡಿ ಕಣಿವೆಗಳ ಎತ್ತರವನ್ನು ಲೆಕ್ಕ ಹಾಕುತ್ತಿದ್ದರು. ಮನುಷ್ಯರು ಕಾಲಿಡಲಾಗದ ಶಿಖರಗಳನ್ನು ದೂರದಿಂದ ತ್ರಿಕೋನಗಳ ಮೂಲಕ ಅಳೆಯುತ್ತಿದ್ದರು. ಆ ತ್ರಿಕೋನಗಳ ಕೆಲಸಕ್ಕೂ ನಮ್ಮ ಊರಿಗೂ ಹಳೆಯ ನಂಟು: ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಹಿಡಿದು ಒಂದು ಆಧಾರರೇಖೆಯನ್ನು ಅಳೆದನು. 1802ರಲ್ಲಿ ಮದರಾಸಿನ ಬಳಿ ವಿಧಿವತ್ತಾಗಿ ಆರಂಭವಾದ ಆತನ ತ್ರಿಕೋನಮಿತಿಯ ಮೋಜಣಿಯು ದಶಕಗಳ ಕಾಲ ಉತ್ತರಕ್ಕೆ ಸಾಗಿ, ಹಿಮಾಲಯದ ‘ಹದಿನೈದನೆಯ ಶಿಖರ’ವು 29,002 ಅಡಿ ಎತ್ತರವೆಂದು 1856ರಲ್ಲಿ ಪ್ರಕಟವಾಯಿತು. ಅದೇ ಎವರೆಸ್ಟ್. 2020ರಲ್ಲಿ ನೇಪಾಳ ಮತ್ತು ಚೀಣಾ ದೇಶಗಳು ಪ್ರಕಟಿಸಿದ ಎತ್ತರ 8,848.86 ಮೀಟರ್.

ಈಗ ಉಸಿರಿನ ಲೆಕ್ಕಕ್ಕೆ ಬರೋಣ. ವಾಚಕರು ಲೇಖಣಿ ಹಿಡಿದು ಜೊತೆಯಲ್ಲಿಯೇ ಗುಣಿಸಿ ನೋಡಬಹುದು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ. ಬೆಳ್ಳಂದೂರಿನಲ್ಲಿ ಅದು ಸುಮಾರು 683. ಲೇಹ್‌ನ 3,500 ಮೀಟರಿನಲ್ಲಿ ಸುಮಾರು 490. 5,500 ಮೀಟರಿನಲ್ಲಿ ಅರ್ಧಕ್ಕೆ ಇಳಿದು 380. ಎವರೆಸ್ಟಿನ ತುದಿಯ ಒತ್ತಡವನ್ನು 1981ರ ಅಕ್ಟೋಬರಿನಲ್ಲಿ ಕ್ರಿಸ್ಟೊಫರ್ ಪಿಜ್ಜೊ ಎಂಬ ವೈದ್ಯ ಪರ್ವತಾರೋಹಿ ಅಲ್ಲಿಯೇ ನಿಂತು ಅಳೆದಾಗ 253 ಮಿಲಿಮೀಟರ್ ಬಂತು. ಈ ಒತ್ತಡದ ಶೇಕಡ ಇಪ್ಪತ್ತೊಂದು ಪಾಲು ಆಮ್ಲಜನಕಕ್ಕೆ ಸೇರಿತೆಂದು ಹೇಳಿ ಮುಗಿಸುವಂತಿಲ್ಲ. ಏಕೆಂದರೆ ಮೂಗು ಮತ್ತು ಗಂಟಲುಗಳು ಒಳಗೆ ಬರುವ ಗಾಳಿಯನ್ನು ಮೊದಲು ತೇವಗೊಳಿಸುತ್ತವೆ. ದೇಹದ 37 ಡಿಗ್ರಿ ಉಷ್ಣತೆಯಲ್ಲಿ ನೀರಾವಿಯ ಒತ್ತಡ 47 ಮಿಲಿಮೀಟರ್. ದೇಹವು ಬೆಳ್ಳಂದೂರಿನಲ್ಲಿದ್ದರೂ ಎವರೆಸ್ಟಿನಲ್ಲಿದ್ದರೂ ಈ 47 ಬದಲಾಗುವುದಿಲ್ಲ. ಸಿರಿವಂತನಿಂದಲೂ ಬಡವನಿಂದಲೂ ಒಂದೇ ಸಮನೆ ವಸೂಲು ಮಾಡುವ ತಲೆಗಂದಾಯದ ಹಾಗೆ, ಒತ್ತಡ ಕಡಿಮೆಯಾದಷ್ಟೂ ಇದರ ಹೊರೆ ಹೆಚ್ಚು.

ಒತ್ತಡದಿಂದ 47ನ್ನು ಕಳೆದು ಉಳಿದುದರಲ್ಲಿ ಶೇಕಡ ಇಪ್ಪತ್ತೊಂದರಷ್ಟನ್ನು ತೆಗೆದರೆ ಶ್ವಾಸನಾಳದಲ್ಲಿರುವ ಆಮ್ಲಜನಕದ ಒತ್ತಡ ಸಿಕ್ಕುತ್ತದೆ. ಸಮುದ್ರಮಟ್ಟದಲ್ಲಿ ಇದು ಸುಮಾರು 149, ಬೆಳ್ಳಂದೂರಿನಲ್ಲಿ 133, ಲೇಹ್‌ನಲ್ಲಿ 93, 5,500 ಮೀಟರಿನಲ್ಲಿ 70, ಎವರೆಸ್ಟಿನಲ್ಲಿ 43. ಬೆಳ್ಳಂದೂರಿನಲ್ಲಿದ್ದುದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ.

ಆಮ್ಲಜನಕದ ಈ ಅಂಶಿಕ ಒತ್ತಡವೇ ಜೀವಕ್ಕೆ ಮುಖ್ಯವೆಂದು ತೋರಿಸಿಕೊಟ್ಟವನು ಫ್ರಾನ್ಸಿನ ಪಾಲ್ ಬೆರ್. ಆತನ ಮಹಾಗ್ರಂಥ 1878ರಲ್ಲಿ ಹೊರಬಂತು. ಅದಕ್ಕೆ ಮೂರು ವರ್ಷ ಮುಂಚೆ, 1875ರ ಏಪ್ರಿಲ್ 15ರಂದು, ‘ಜೆನಿತ್’ ಎಂಬ ಬಲೂನಿನಲ್ಲಿ ಟಿಸ್ಸಾಂಡಿಯೆ, ಕ್ರೋಸೆ-ಸ್ಪಿನೆಲ್ಲಿ ಮತ್ತು ಸಿವೆಲ್ ಎಂಬ ಮೂವರು ಮೇಲೇರಿದರು. ಬುಟ್ಟಿಯಲ್ಲಿ ಆಮ್ಲಜನಕದ ಚೀಲಗಳಿದ್ದುವು. ಅವು ಸಾಲವೆಂದು ಬೆರ್ ಬರೆದ ಎಚ್ಚರಿಕೆಯ ಪತ್ರ ತಲುಪುವಷ್ಟರಲ್ಲಿ ಹೊತ್ತು ಮೀರಿತ್ತು. ಬಲೂನು 8,000 ಮೀಟರನ್ನು ದಾಟಿತು. ಚೀಲದ ನಳಿಕೆಯನ್ನು ಬಾಯಿಗಿಡಬೇಕೆಂದು ಟಿಸ್ಸಾಂಡಿಯೆಗೆ ತೋರಿದಾಗ ಅವನ ಕೈ ಮೇಲಕ್ಕೆ ಏಳಲಿಲ್ಲ. ಎಚ್ಚರಗೊಂಡಾಗ ಬಲೂನು ಕೆಳಗಿಳಿಯುತ್ತಿತ್ತು; ಸಂಗಡಿಗರಿಬ್ಬರೂ ಸತ್ತಿದ್ದರು. ಅವರು ಮೇಲೇರಲು ತೆಗೆದುಕೊಂಡ ಸಮಯ ಕೆಲವು ಗಂಟೆಗಳು ಮಾತ್ರ ಎಂಬುದನ್ನು ವಾಚಕರು ಗಮನಿಸಬೇಕು.

ಹಾಗಾದರೆ ಕೆಲವು ವಾರಗಳಲ್ಲಿ ಏರಿದವನು ಬದುಕುವುದು ಹೇಗೆ? ಕೊರಳಿನ ಎರಡು ಪಕ್ಕಗಳಲ್ಲಿ, ತಲೆಗೆ ರಕ್ತವನ್ನೊಯ್ಯುವ ದೊಡ್ಡ ಧಮನಿಯು ಕವಲೊಡೆಯುವ ಎಡೆಯಲ್ಲಿ, ಅಕ್ಕಿಯ ಕಾಳಿನಷ್ಟು ಚಿಕ್ಕದಾದ ಕ್ಯಾರೋಟಿಡ್ ಕಾಯವೆಂಬ ಅಂಗವಿದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದ ಕೂಡಲೆ ಇದು ಮಿದುಳಿಗೆ ಸುದ್ದಿ ಕಳುಹಿಸುತ್ತದೆ, ಉಸಿರಾಟ ಚುರುಕಾಗುತ್ತದೆ. ಹೆಚ್ಚು ಉಸಿರಾಡಿದರೆ ಹೆಚ್ಚು ಆಮ್ಲಜನಕ ಒಳಕ್ಕೆ ಬರುತ್ತದೆಂಬುದು ಅರ್ಧ ಮಾತು. ಪುಪ್ಪುಸದ ಕಿರುಚೀಲಗಳಲ್ಲಿ ಸ್ಥಳ ಬಹಳ ಇಕ್ಕಟ್ಟು. ಅಲ್ಲಿ ನೀರಾವಿಯಿದೆ, ಸಾರಜನಕವಿದೆ, ರಕ್ತದಿಂದ ಹೊರಬಿದ್ದ ಇಂಗಾಲಾಮ್ಲವಿದೆ. ಉಳಿದ ಎಡೆ ಆಮ್ಲಜನಕಕ್ಕೆ. ಬಲವಾಗಿ ಉಸಿರು ಬಿಟ್ಟಷ್ಟೂ ಇಂಗಾಲಾಮ್ಲ ಹೊರಗೆ ಹೋಗಿ ಆಮ್ಲಜನಕಕ್ಕೆ ಜಾಗ ತೆರವಾಗುತ್ತದೆ. ಸಮುದ್ರಮಟ್ಟದಲ್ಲಿ ಇಂಗಾಲಾಮ್ಲದ ಒತ್ತಡ 40 ಮಿಲಿಮೀಟರಿನಷ್ಟಿದ್ದರೆ, ಎವರೆಸ್ಟಿನ ತುದಿಯಲ್ಲಿ ಪಿಜ್ಜೊ ಶೇಖರಿಸಿಕೊಂಡ ತನ್ನ ಉಸಿರಿನಲ್ಲಿ ಅದು ಏಳೂವರೆಗೆ ಇಳಿದಿತ್ತು! ಪರ್ವತದ ಮೇಲೆ ಮನುಷ್ಯನು ಆಮ್ಲಜನಕವನ್ನು ಗಳಿಸುವುದು ಮುಖ್ಯವಾಗಿ ಇಂಗಾಲಾಮ್ಲವನ್ನು ಹೊರದೂಡಿ.

ಆದರೆ ಇದನ್ನು ಮೊದಲ ದಿನವೇ ಮಾಡಲು ಬರುವುದಿಲ್ಲ. ಇಂಗಾಲಾಮ್ಲ ಹೊರಟುಹೋದರೆ ರಕ್ತವು ಕ್ಷಾರವಾಗುತ್ತದೆ. ರಕ್ತ ಕ್ಷಾರವಾದುದನ್ನು ಕಂಡ ಮಿದುಳು ‘ಉಸಿರಾಟ ಸಾಕು’ ಎಂದು ತಡೆ ಹಾಕುತ್ತದೆ. ಕೊರಳಿನ ಅಂಗ ಉಸಿರಾಡೆನ್ನುತ್ತದೆ, ಮಿದುಳಿನ ಕೇಂದ್ರ ಬೇಡವೆನ್ನುತ್ತದೆ. ಎತ್ತರದ ಮೊದಲ ರಾತ್ರಿಗಳಲ್ಲಿ ಈ ಜಗಳ ಕಿವಿಗೆ ಕೇಳಿಸುತ್ತದೆಂದರೆ ತಪ್ಪಲ್ಲ: ಮಲಗಿದವನು ಕೆಲವು ಸಲ ಜೋರಾಗಿ ಉಸಿರೆಳೆದು, ಹತ್ತಾರು ಕ್ಷಣ ಉಸಿರೇ ನಿಂತವನಂತೆ ಸುಮ್ಮನಾಗಿ, ಮತ್ತೆ ಬೆಚ್ಚಿದಂತೆ ಉಸಿರಾಡತೊಡಗುತ್ತಾನೆ. ಪಕ್ಕದಲ್ಲಿ ಎಚ್ಚರವಾಗಿರುವವನಿಗೆ ಭಯವಾಗುವುದು ಸಹಜ. ಈ ಜಗಳವನ್ನು ತೀರಿಸುವವರು ಮೂತ್ರಪಿಂಡಗಳು. ಅವು ರಕ್ತದಲ್ಲಿನ ಬೈಕಾರ್ಬೊನೇಟ್ ಎಂಬ ಕ್ಷಾರವನ್ನು ಮೂತ್ರದಲ್ಲಿ ಹೊರಗೆ ಕಳುಹಿಸಿ ತಡೆಯನ್ನು ಸಡಿಲಿಸುತ್ತವೆ. ಕೆರೆ ಒಂದೇ ಮಳೆಗೆ ತುಂಬಬಹುದು, ಆದರೆ ತೂಬಿನಲ್ಲಿ ನೀರು ತನ್ನ ಗತಿಯಲ್ಲಿಯೇ ಹರಿದು ಹೋಗಬೇಕಷ್ಟೆ. ಮೂತ್ರಪಿಂಡಗಳ ಕೆಲಸವೂ ಹಾಗೆಯೇ; ಅದಕ್ಕೆ ದಿನಗಳು ಬೇಕು. ಪರ್ವತಾರೋಹಿಗಳಿಗೆ ವೈದ್ಯರು ಕೊಡುವ ಅಸೆಟಜೋಲಮೈಡ್ ಎಂಬ ಔಷಧ ತೂಬನ್ನು ಸ್ವಲ್ಪ ಅಗಲ ಮಾಡುತ್ತದೆ, ಏಣಿಯನ್ನೇನೂ ಹಾಕಿಕೊಡುವುದಿಲ್ಲ.

ಇನ್ನೂ ನಿಧಾನವಾದುದು ರಕ್ತದ ಕೆಲಸ. ಆಮ್ಲಜನಕ ಕಡಿಮೆಯಾದ ಕೆಲವೇ ಗಂಟೆಗಳಲ್ಲಿ ಮೂತ್ರಪಿಂಡಗಳು ಎರಿತ್ರೊಪೊಯಿಟಿನ್ ಎಂಬ ರಸವನ್ನು ಹೆಚ್ಚಾಗಿ ಸ್ರವಿಸುತ್ತವೆ. ಅದರ ಪ್ರೇರಣೆಯಿಂದ ಮೂಳೆಯ ಮಜ್ಜೆಯು ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ಅಪ್ಪಣೆ ಗಂಟೆಗಳಲ್ಲಿ ಹೊರಟರೂ ಸರಕು ತಯಾರಾಗುವುದಕ್ಕೆ ವಾರಗಳು ಹಿಡಿಯುತ್ತವೆ. ಊರಿಗೆ ಮರಳಿದ ಮೇಲೆ ಕೆಲವು ವಾರಗಳಲ್ಲಿ ಈ ಗಳಿಕೆ ಕರಗಿಹೋಗುತ್ತದೆ. ಹೋದ ವರ್ಷದ ಯಾತ್ರೆಯ ಪುಣ್ಯವನ್ನು ಈ ವರ್ಷಕ್ಕೆ ಉಳಿಸಿಕೊಳ್ಳಲಾಗದು. ಟಿಬೆಟಿನವರೂ ಷೆರ್ಪಾ ಜನರೂ ಬೇರೊಂದು ದಾರಿ ಹಿಡಿದಿದ್ದಾರೆ. ಅವರ ರಕ್ತ ನಮ್ಮದರಂತೆ ಬಹಳ ಮಂದವಾಗುವುದಿಲ್ಲ; ಸಾವಿರಾರು ವರ್ಷಗಳ ಆಯ್ಕೆಯಿಂದ ಬಂದ ಆನುವಂಶಿಕ ಗುಣವೊಂದು ಅದಕ್ಕೆ ಕಾರಣವೆಂದು 2010ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದುವು.

ದೇಹ ಎಷ್ಟು ಎತ್ತರಕ್ಕಾದರೂ ಒಗ್ಗಬಲ್ಲುದೇ? 1960–61ರ ಚಳಿಗಾಲದಲ್ಲಿ ಹಿಲರಿಯ ತಂಡವೊಂದು ಎವರೆಸ್ಟಿನ ಸೀಮೆಯಲ್ಲಿ ಸುಮಾರು 5,800 ಮೀಟರ್ ಎತ್ತರದಲ್ಲಿ ಬೆಳ್ಳಿಯ ಬಣ್ಣದ ಗುಡಿಸಲೊಂದನ್ನು ಹೂಡಿತು. ಗ್ರಿಫಿತ್ ಪ್ಯೂ ಎಂಬ ಶರೀರಶಾಸ್ತ್ರಜ್ಞನ ಮೇಲ್ವಿಚಾರಣೆಯಲ್ಲಿ, ನಮ್ಮ ದೇಶದ ಸುಖಮಯ್ ಲಾಹಿರಿಯವರೂ ಸೇರಿದಂತೆ ವಿಜ್ಞಾನಿಗಳು ಅಲ್ಲಿ ತಿಂಗಳುಗಟ್ಟಲೆ ವಾಸಮಾಡಿ ತಮ್ಮನ್ನು ತಾವೇ ಪರೀಕ್ಷಿಸಿಕೊಂಡರು. ಅವರ ತೂಕ ಇಳಿಯುತ್ತಲೇ ಹೋಯಿತು. ಅಷ್ಟು ಎತ್ತರದಲ್ಲಿ ದೇಹವು ಒಂದು ಕಡೆ ಒಗ್ಗುತ್ತಿದ್ದರೆ ಮತ್ತೊಂದು ಕಡೆ ಸವೆಯುತ್ತಿರುತ್ತದೆ. 8,000 ಮೀಟರಿನ ಮೇಲೆ ಸವೆತ ಮಾತ್ರ.

ಬೆಳ್ಳಂದೂರಿನ ನಮ್ಮ ತರುಣನಿಗೆ ಇದರಿಂದ ಒದಗುವ ತೊಂದರೆಯೇನೆಂದು ಈಗ ನೋಡೋಣ. ಎತ್ತರದ ಕಾಯಿಲೆ ತಲೆದೋರುವುದು ಸಾಮಾನ್ಯವಾಗಿ 2,500 ಮೀಟರಿನಿಂದ ಮೇಲೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ನಂದಿಬೆಟ್ಟ 1,500 ಮೀಟರನ್ನೂ ಮುಟ್ಟುವುದಿಲ್ಲ. ಆದುದರಿಂದ ದೇಹವನ್ನು ಎತ್ತರಕ್ಕೆ ಒಗ್ಗಿಸಿಕೊಳ್ಳುವ ಒಂದು ಸ್ಥಳವೂ ನಮ್ಮ ನಾಡಿನಲ್ಲಿಲ್ಲ. ಕಚೇರಿಯ ಇಪ್ಪತ್ತು ಅಂತಸ್ತುಗಳ ಮೆಟ್ಟಿಲನ್ನು ಪ್ರತಿದಿನ ಹತ್ತಿಳಿದರೆ ಕಾಲು ಗಟ್ಟಿಯಾಗುತ್ತದೆ, ಎದೆ ಗಟ್ಟಿಯಾಗುತ್ತದೆ. ಮೂತ್ರಪಿಂಡಗಳಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಎತ್ತರದ ಕಾಯಿಲೆ ಗಟ್ಟಿಗನೆಂದು ಯಾರನ್ನೂ ಬಿಡುವುದಿಲ್ಲ. ಅಷ್ಟೇ ಅಲ್ಲ, ಗಟ್ಟಿಗನು ವೇಗವಾಗಿ ಏರುವುದರಿಂದ ಅವನಿಗೆ ಅಪಾಯ ಹೆಚ್ಚೆಂದೇ ಹೇಳಬೇಕು.

ವಿಮಾನ ಈ ಅಪಾಯವನ್ನು ಇನ್ನೂ ಹತ್ತಿರಕ್ಕೆ ತಂದಿದೆ. ಬೆಂಗಳೂರಿನಲ್ಲಿ ರಾತ್ರಿ ಮನೆ ಬಿಟ್ಟವನು ದೆಹಲಿಯ ಮೂಲಕ ಮರುದಿನ ಮಧ್ಯಾಹ್ನದೊಳಗೆ ಲೇಹ್‌ನಲ್ಲಿ ಇರಬಹುದು. ಮೊದಲು ಬರುವುದು ತಲೆನೋವು, ವಾಕರಿಕೆ, ಊಟ ಬೇಡವಾಗುವುದು, ನಿದ್ರೆ ಬಾರದಿರುವುದು. ಎರಡು ದಿನ ಸುಮ್ಮನಿದ್ದರೆ ಇವು ಸಾಮಾನ್ಯವಾಗಿ ತಾವಾಗಿಯೇ ಕಡಿಮೆಯಾಗುತ್ತವೆ. ಸುಮ್ಮನಿರದೆ ಮತ್ತೂ ಮೇಲಕ್ಕೆ ಹೊರಟರೆ ಎರಡು ಘೋರ ರೂಪಗಳುಂಟು: ಪುಪ್ಪುಸದ ರಕ್ತನಾಳಗಳಿಂದ ದ್ರವ ಒಸರಿ ಗಾಳಿಯ ಚೀಲಗಳು ತುಂಬುವುದು ಒಂದು, ಮಿದುಳು ಊದಿಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು, ನೊರೆಗಫ; ಎರಡನೆಯದರಲ್ಲಿ ಕುಡಿದವನಂತೆ ತೂರಾಡುವ ನಡಿಗೆ, ಮಂಕು. ಎರಡರಿಂದಲೂ ಒಂದೆರಡು ದಿನಗಳೊಳಗೆ ಸಾವು ಬರಬಹುದು.

ಪುಪ್ಪುಸದ ಈ ಕಾಯಿಲೆಯನ್ನು ಬಹುಕಾಲ ನ್ಯುಮೋನಿಯವೆಂದೇ ವೈದ್ಯರು ಭಾವಿಸಿದ್ದರು. ಅಮೆರಿಕದ ಚಾರ್ಲ್ಸ್ ಹೂಸ್ಟನ್ 1960ರಲ್ಲಿ ಇದನ್ನು ಬೇರೆಯೆಂದು ವರ್ಣಿಸಿದರು. ಅದಾದ ಎರಡೇ ವರ್ಷಗಳಲ್ಲಿ ಚೀಣಾದೊಡನೆ ನಡೆದ ಯುದ್ಧದ ಕಾಲದಲ್ಲಿ ಬಯಲುಸೀಮೆಯ ನಮ್ಮ ಸಾವಿರಾರು ಸೈನಿಕರು ಹಿಮಾಲಯದ ಎತ್ತರಕ್ಕೆ ತ್ವರೆಯಿಂದ ಸಾಗಬೇಕಾಯಿತು. ಆ ಕಹಿ ಅನುಭವದಿಂದ ನಮ್ಮ ಸೇನೆಯ ವೈದ್ಯರು ಬಹಳ ಕಲಿತರು. ಇಂದರ್‌ಜಿತ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರ ಪರ್ವತವ್ಯಾಧಿಯ ವಿವರಗಳನ್ನು ಕಲೆಹಾಕಿ 1969ರಲ್ಲಿ ಪ್ರಕಟಿಸಿದ ಲೇಖನವನ್ನು ಪ್ರಪಂಚದ ಪರ್ವತ ವೈದ್ಯರು ಇಂದಿಗೂ ಓದುತ್ತಾರೆ.

ಇಂತಹ ಅನುಭವಗಳಿಂದ ಹುಟ್ಟಿದ ನಿಯಮ ಬಹಳ ಸರಳವಾದುದು. 3,000 ಮೀಟರನ್ನು ದಾಟಿದ ಮೇಲೆ, ಒಂದು ರಾತ್ರಿ ಮಲಗಿದ ಎಡೆಗಿಂತ ಮರುರಾತ್ರಿ ಮಲಗುವ ಎಡೆ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅಲ್ಲಿಯೇ ನಿಂತು ವಿಶ್ರಮಿಸಬೇಕು. ಹಗಲಿನಲ್ಲಿ ಮೇಲೇರಿ ರಾತ್ರಿ ಕೆಳಗಿಳಿದು ಮಲಗಿದರೆ ಮತ್ತೂ ಒಳ್ಳೆಯದು. ಇದನ್ನು 6,000 ಮೀಟರಿನ ಒಂದು ಸಾಧಾರಣ ಶಿಖರಕ್ಕೆ ಅನ್ವಯಿಸಿ ನೋಡೋಣ. ಹೋಗಿಬರುವ ಪ್ರಯಾಣಕ್ಕೆ ಮೂರು ದಿನ, 3,000 ಮೀಟರಿನ ಆಸುಪಾಸಿನಲ್ಲಿ ಎರಡು ರಾತ್ರಿ, ಅಲ್ಲಿಂದ 5,000 ಮೀಟರಿನ ಶಿಬಿರಕ್ಕೆ ನಾಲ್ಕು ರಾತ್ರಿ, ವಿಶ್ರಾಂತಿಗೆ ಎರಡು ದಿನ, ಶಿಖರಕ್ಕೆ ಒಂದು ದಿನ, ಹವೆ ಕೆಟ್ಟರೆಂದು ಕಾದಿರಿಸಿದ ದಿನ ಎರಡು, ಇಳಿಯುವುದಕ್ಕೆ ಎರಡು. ಒಟ್ಟು ಹದಿನಾರು. ಕಚೇರಿಯಲ್ಲಿ ಒಂದು ವಾರದ ರಜೆ ಪಡೆದು, ಎರಡು ಕಡೆಯ ಶನಿವಾರ ಭಾನುವಾರಗಳನ್ನು ಸೇರಿಸಿಕೊಂಡರೂ ಕೈಗೆ ಸಿಕ್ಕುವುದು ಒಂಬತ್ತೇ ದಿನ. ಕೊರತೆ ಬಿದ್ದ ಏಳು ದಿನಗಳನ್ನು ಜನರು ಎಲ್ಲಿಂದ ಕತ್ತರಿಸುತ್ತಾರೆ? ವಿಶ್ರಾಂತಿಯ ದಿನದಿಂದಲೂ, ಹವೆಗೆಂದು ಕಾದಿರಿಸಿದ ದಿನದಿಂದಲೂ ಕತ್ತರಿಸುತ್ತಾರೆ. ಕಣ್ಣಿಗೆ ಅವು ವ್ಯರ್ಥವಾಗಿ ತೋರುವುದೇ ಇದಕ್ಕೆ ಕಾರಣ.

ಕಾದಿರಿಸಿದ ದಿನದ ಬೆಲೆಯನ್ನು ಹೇಳುವ ಮುನ್ನ ಬಂಡೆಯ ವಿಷಯವಾಗಿ ಒಂದು ಮಾತು. ಸಾವನದುರ್ಗ, ರಾಮನಗರಗಳ ಬೆಟ್ಟಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ಬಿಸಿಲು ಮಳೆಗಳು ಉಜ್ಜಿ ಉಜ್ಜಿ ಅವನ್ನು ಆನೆಯ ಬೆನ್ನಿನಂತೆ ದುಂಡಗೆ ಮಾಡಿವೆ. ಅಲ್ಲಿ ಕೈಯಿಟ್ಟ ಕಲ್ಲು ಕೈಗೆ ಕಿತ್ತು ಬರುವುದು ಅಪರೂಪ. ಹಿಮಾಲಯವಾದರೋ ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಖಂಡ ಏಷ್ಯವನ್ನು ಒತ್ತತೊಡಗಿದಂದಿನಿಂದ ಏಳುತ್ತಿರುವ ಪರ್ವತ. ಇನ್ನೂ ಏಳುತ್ತಲೇ ಇದೆ. ಹಿಮನದಿಗಳು ಶಿಖರವನ್ನು ಹಲವು ಪಕ್ಕಗಳಿಂದ ಬಟ್ಟಲುಬಟ್ಟಲಾಗಿ ಕೊರೆದಾಗ ನಡುವೆ ಕೊಂಬಿನಂತೆ ಉಳಿದುದೇ ಮೊನಚು ಶಿಖರ. ಗಂಗೋತ್ರಿಯ ಬಳಿಯ 6,543 ಮೀಟರಿನ ಶಿವಲಿಂಗ ಇಂತಹುದು. ಹಗಲಿನಲ್ಲಿ ಕರಗಿದ ಹಿಮದ ನೀರು ಬಂಡೆಯ ಬಿರುಕಿಗೆ ಇಳಿದು ರಾತ್ರಿ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದಾಗ ನೀರು ನೂರಕ್ಕೆ ಒಂಬತ್ತು ಪಾಲು ಹಿಗ್ಗಿ ಬಂಡೆಯನ್ನು ಸೀಳುತ್ತದೆ. ಸೀಳಿದ ಚೂರುಗಳನ್ನು ಮಂಜುಗಡ್ಡೆಯೇ ರಾತ್ರಿಯೆಲ್ಲ ಹಿಡಿದಿಟ್ಟಿದ್ದು, ಬಿಸಿಲೇರಿದಾಗ ಬಿಟ್ಟುಬಿಡುತ್ತದೆ. ಪರ್ವತಾರೋಹಿಗಳು ನಡುರಾತ್ರಿಯಲ್ಲಿ ಶಿಬಿರ ಬಿಟ್ಟು ಹೊರಡುವುದು, ಮಧ್ಯಾಹ್ನದೊಳಗೆ ಹಿಂದಿರುಗಬೇಕೆಂದು ಕಟ್ಟು ಮಾಡಿಕೊಳ್ಳುವುದು, ಇದಕ್ಕಾಗಿಯೇ.

ಮಧ್ಯಾಹ್ನದ ಮೇಲೆ ಪರ್ವತದಲ್ಲಿ ಹವೆ ಕೆಡುವುದೂ ಸಾಮಾನ್ಯ. ಪ್ರತಿ ಸಾವಿರ ಮೀಟರಿಗೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಅಂದರೆ ಬೆಳ್ಳಂದೂರಿನಲ್ಲಿ 25 ಡಿಗ್ರಿಯ ಹಿತವಾದ ದಿನವೇ 4,400 ಮೀಟರಿನಲ್ಲಿ 2–3 ಡಿಗ್ರಿಯ ದಿನ. ಇದಕ್ಕೆ ಗಾಳಿ ಸೇರಿದರೆ ಮೈಯನ್ನು ಹೊದ್ದಿರುವ ಬೆಚ್ಚನೆಯ ಗಾಳಿಯ ತೆಳುಪದರ ಹಾರಿಹೋಗುತ್ತದೆ. ಬಟ್ಟೆ ನೆನೆದರೆ ನೀರು ಮೈಯ ಶಾಖವನ್ನು ಗಾಳಿಗಿಂತ ಬಹಳ ಬೇಗ ಹೊರಕ್ಕೆ ಒಯ್ಯುತ್ತದೆ. ಹತ್ತಿಯ ಬಟ್ಟೆ ಈ ವಿಷಯದಲ್ಲಿ ಕಡುವೈರಿ. ಒಳಮೈಯ ಉಷ್ಣತೆ 35 ಡಿಗ್ರಿಗಿಂತ ಇಳಿದರೆ ನಡುಕ, ತೊದಲು, ಎಡವು. ಮತ್ತೂ ಇಳಿದರೆ ನಡುಕವೇ ನಿಂತುಹೋಗುತ್ತದೆ. ನಡುಕ ನಿಂತುದನ್ನು ಸಂಗಡಿಗರು ಚೇತರಿಕೆಯೆಂದು ತಿಳಿಯುವ ಸಂಭವವಿದೆ. ಆದರೆ ಅದು ಶಾಖವನ್ನು ಹುಟ್ಟಿಸುವ ಕೊನೆಯ ಉಪಾಯವೂ ಕೈಬಿಟ್ಟಿತೆಂಬುದರ ಗುರುತು.

2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಎಂಬ ಸರೋವರಕ್ಕೆ ಕರ್ನಾಟಕದಿಂದ ಹೋಗಿದ್ದ ಚಾರಣದ ತಂಡವೊಂದು, ಮಾರ್ಗದರ್ಶಕರೂ ಸೇರಿ ಇಪ್ಪತ್ತೆರಡು ಮಂದಿ, 4,000 ಮೀಟರಿಗೂ ಮೇಲೆ ಹಿಮದ ಬಿರುಗಾಳಿಗೆ ಸಿಕ್ಕಿಕೊಂಡಿತು. ಅವರು ಸರೋವರವನ್ನು ಕಂಡು ಶಿಬಿರಕ್ಕೆ ಹಿಂದಿರುಗುವ ಹಾದಿಯಲ್ಲಿದ್ದರು. ಒಂಬತ್ತು ಮಂದಿ ಚಳಿಗೆ ಬಲಿಯಾದರು. ಹದಿಮೂರು ಮಂದಿಯನ್ನು ರಕ್ಷಿಸಲಾಯಿತು. ಸತ್ತವರಲ್ಲಿ ಬಹುಮಂದಿ ಬೆಂಗಳೂರಿನವರು. ಅದು ಹಗ್ಗ ಹಿಡಿದು ಏರುವ ಶಿಖರವಾಗಿರಲಿಲ್ಲ, ಕಾಲುದಾರಿಯಾಗಿತ್ತು. ತಿಂಗಳು ಜೂನ್ ಆಗಿತ್ತು. ನಮ್ಮ ಊರಿನ ಜೂನ್ ತಿಂಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಸುದ್ದಿಯನ್ನು ಓದಿದವರಿಗೆ ಅದು ನಂಬಲಾಗದ್ದಾಗಿ ತೋರಿತು.

ಇಂತಹ ಸಮಯದಲ್ಲಿ ಹೆಲಿಕಾಪ್ಟರು ಬರುತ್ತದೆಯಲ್ಲವೆ ಎಂದು ಕೇಳಬಹುದು. ಬರುತ್ತದೆ, ಸಹಸ್ರತಾಲಿಗೂ ವಾಯುಪಡೆಯ ಹೆಲಿಕಾಪ್ಟರುಗಳು ಬಂದುವು. ಆದರೆ ಮನುಷ್ಯನನ್ನು ದಣಿಸುವ ತೆಳುಗಾಳಿ ಯಂತ್ರವನ್ನೂ ದಣಿಸುತ್ತದೆ. ತಿರುಗುವ ರೆಕ್ಕೆಗಳಿಗೆ ಕೆಳಕ್ಕೆ ತಳ್ಳಲು ಸಾಕಷ್ಟು ಗಾಳಿ ಸಿಕ್ಕುವುದಿಲ್ಲ. ಎಂಜಿನ್ನಿಗೆ ಇಂಧನ ಉರಿಸಲು ಸಾಕಷ್ಟು ಆಮ್ಲಜನಕ ಸಿಕ್ಕುವುದಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ‘ಚೀತಾ’ ಹೆಲಿಕಾಪ್ಟರುಗಳು ಸಿಯಾಚಿನ್ನಿನಲ್ಲಿ ದಶಕಗಳ ಕಾಲ ದುಡಿದಿರುವುದು ಅವು ಹಗುರವಾಗಿರುವುದರಿಂದ. ಚೀತಾದ ಮೂಲವಾದ ಫ್ರೆಂಚ್ ಯಂತ್ರ 1972ರಲ್ಲಿ 12,442 ಮೀಟರಿಗೆ ಏರಿ ದಾಖಲೆ ಸ್ಥಾಪಿಸಿತ್ತು. 2005ರ ಮೇ 14ರಂದು ಬೇರೊಂದು ಫ್ರೆಂಚ್ ಹೆಲಿಕಾಪ್ಟರು ಎವರೆಸ್ಟಿನ ನೆತ್ತಿಯ ಮೇಲೆಯೇ ಇಳಿಯಿತು. ಆದರೆ ಬಿರುಗಾಳಿ ಬೀಸುವಾಗ, ಮೋಡ ಕವಿದಾಗ, ರಾತ್ರಿಯಲ್ಲಿ, ಪರ್ವತದ ಇಕ್ಕಟ್ಟಿನಲ್ಲಿ ಯಾವ ದಾಖಲೆಯೂ ನೆರವಿಗೆ ಬಾರದು.

ಹಾಗಾಗಿ ರೋಗಿಯನ್ನು ಕೆಳಗಿಳಿಸಲಾಗದ ರಾತ್ರಿಗೆಂದು ಕೆಲವು ತಂಡಗಳು ಒಂದು ವಿಚಿತ್ರವಾದ ಚೀಲವನ್ನು ಒಯ್ಯುತ್ತವೆ. ಇದರ ನಿರ್ಮಾಪಕ ಅಮೆರಿಕದ ಇಗೊರ್ ಗ್ಯಾಮೊ. ಜನಪ್ರಿಯ ವಿಜ್ಞಾನದ ಪುಸ್ತಕಗಳಿಂದ ನಮ್ಮ ವಾಚಕರಲ್ಲಿ ಕೆಲವರಿಗಾದರೂ ಪರಿಚಿತನಾಗಿರುವ ಭೌತವಿಜ್ಞಾನಿ ಜಾರ್ಜ್ ಗ್ಯಾಮೊನ ಮಗ. ಆಳುದ್ದದ ಈ ಚೀಲದೊಳಗೆ ರೋಗಿಯನ್ನು ಮಲಗಿಸಿ, ಬಾಯನ್ನು ಮುಚ್ಚಿ, ಹೊರಗಿನಿಂದ ಕಾಲಿನ ಪಂಪನ್ನು ತುಳಿಯುತ್ತಾರೆ. ವಿಮಾನಪುರದ ಕೋಣೆಯಲ್ಲಿ ನಡೆಯುವುದರ ತದ್ವಿರುದ್ಧ ಇಲ್ಲಿ ನಡೆಯುತ್ತದೆ. 4,500 ಮೀಟರಿನಲ್ಲಿ ಹೊರಗಿನ ಒತ್ತಡ ಸುಮಾರು 433 ಮಿಲಿಮೀಟರ್. ಚೀಲ ಅದಕ್ಕೆ ಸುಮಾರು 104ನ್ನು ಸೇರಿಸಿಕೊಡುತ್ತದೆ. ಒಟ್ಟು 537. ಒಳಗಿರುವವನು ಮಲಗಿದಲ್ಲಿಯೇ ಸುಮಾರು 2,800 ಮೀಟರಿಗೆ ಇಳಿದಂತಾಯಿತು. ಕೆಟ್ಟ ಗಾಳಿ ಹೊರಹೋಗಿ ಹೊಸದು ಬರಲೆಂದು ಹೊರಗಿರುವವರು ಸರದಿಯ ಮೇಲೆ ಪಂಪನ್ನು ತುಳಿಯುತ್ತಲೇ ಇರಬೇಕು. ಕೆಲವು ಗಂಟೆಗಳಲ್ಲಿ ರೋಗಿ ಕಣ್ತೆರೆದು ಮಾತಾಡುತ್ತಾನೆ, ಎದ್ದು ನಿಲ್ಲಬಲ್ಲವನಾಗುತ್ತಾನೆ. ಬೆಳ್ಳಂದೂರಿನ 683ರವರೆಗೆ ಅವನನ್ನು ಇಳಿಸುವಷ್ಟು ಒತ್ತಡವನ್ನು ಆ ಬಟ್ಟೆ ತಾಳಲಾರದು. ಚೀಲದಿಂದ ಹೊರಬಂದ ಮೇಲೆ ಮತ್ತೆ 433. ಬೆಳಕು ಹರಿದ ಕೂಡಲೆ, ನಡೆಯಬಲ್ಲವನಾಗಿರುವಾಗಲೇ, ಇಬ್ಬರು ಅವನನ್ನು ನಡುವಿಟ್ಟುಕೊಂಡು ಕೆಳಗಿನ ಶಿಬಿರಕ್ಕೆ ಹೊರಡುತ್ತಾರೆ.